ಅಡುಗೆಮನೆ ಕಪಾಟಿಗೆ ಹೊಸ ಬಾಗಿಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಕಳೆದು ದಸರಾ ಹತ್ತಿರ ಬಂತೆಂದರೆ ಶಿವಮೊಗ್ಗದ ನಮ್ಮ ಮರಗೆಲಸದ ಅಂಗಡಿಗೆ ಒಂದೇ ಬಗೆಯ ಕರೆಗಳು ಶುರುವಾಗುತ್ತವೆ. ಸಿಂಕ್ ಕೆಳಗಿನ ಬಾಗಿಲು ಉಬ್ಬಿ ಮುಚ್ಚುತ್ತಿಲ್ಲ, ಮೇಲಿನ ಕಪಾಟಿನ ಬಾಗಿಲು ಜೋತುಬಿದ್ದಿದೆ, ಮೈಕಾ ಅಂಚಿನಲ್ಲಿ ಎದ್ದಿದೆ. ಇಡೀ ಅಡುಗೆಮನೆ ಕಿತ್ತು ಹೊಸದು ಮಾಡಿಸಿ ಎಂದು ಯಾರೋ ಹೇಳಿರುತ್ತಾರೆ. ಅದರ ಖರ್ಚು ಕೇಳಿ ಮನೆಯವರು ಗಾಬರಿಯಾಗಿರುತ್ತಾರೆ. ನಾನು ಹೋಗಿ ನೋಡಿದ ಮನೆಗಳಲ್ಲಿ ಬಹುಪಾಲು ಕಡೆ ಕೆಟ್ಟಿದ್ದು ಬಾಗಿಲು ಮಾತ್ರ. ಅಷ್ಟನ್ನೇ ಬದಲಿಸಿದರೆ ಸಾಕು, ಆದರೆ ಅಳತೆ ಸರಿಯಿರಬೇಕು. ಜನ ಕೇಳುವುದನ್ನೂ ನಾನು ಹೇಳುವುದನ್ನೂ ಇಲ್ಲಿ ಬರೆದಿದ್ದೇನೆ.

ಬಾಗಿಲು ಬದಲಿಸಿದರೆ ಸಾಕೋ, ಕಪಾಟನ್ನೇ ಬದಲಿಸಬೇಕೋ ಎಂದು ತಿಳಿಯುವುದು ಹೇಗೆ?

ಕಪಾಟಿನೊಳಗಿನ ಡಬ್ಬಿ, ಪಾತ್ರೆಗಳನ್ನೆಲ್ಲ ಹೊರಗಿಡಿ. ಟಾರ್ಚ್ ಹಿಡಿದು ಕೆಳಗಿನ ಮೂಲೆಗಳನ್ನು, ಸಿಂಕಿನ ಕೊಳವೆ ಹಾದುಹೋಗುವ ಜಾಗವನ್ನು, ಗೋಡೆಗೆ ತಾಗಿದ ಹಿಂಬದಿಯನ್ನು ನೋಡಿ. ಸ್ಕ್ರೂಡ್ರೈವರ್ ತುದಿಯಿಂದ ಪಕ್ಕದ ಹಲಗೆಯ ಬುಡವನ್ನು ಒತ್ತಿ. ಗಟ್ಟಿಯಾಗಿ ತಡೆದರೆ ಪೆಟ್ಟಿಗೆ, ಅಂದರೆ ಬಾಗಿಲು ಬಿಟ್ಟು ಕಪಾಟಿನ ಉಳಿದ ಭಾಗ, ಚೆನ್ನಾಗಿದೆ. ತುದಿ ಬೆಣ್ಣೆಗೆ ಇಳಿದಂತೆ ಒಳಗೆ ಹೋದರೆ ಹಲಗೆ ಕೊಳೆತಿದೆ, ಅದರ ಮೇಲೆ ಎಂಥ ಬಾಗಿಲು ಕೂರಿಸಿದರೂ ನಿಲ್ಲುವುದಿಲ್ಲ. ಮಣ್ಣಿನ ಗೆರೆ ಕಂಡರೆ ಗೆದ್ದಲು ಬಂದಿದೆ ಎಂದೇ ಅರ್ಥ. ಮೊದಲು ಅದಕ್ಕೆ ಔಷಧಿ ಹೊಡೆಸಿ, ಬಾಗಿಲಿನ ಮಾತು ಆಮೇಲೆ.

ಸಿಂಕ್ ಕೆಳಗಿನ ಒಂದು ಪೆಟ್ಟಿಗೆ ಮಾತ್ರ ಹಾಳಾಗಿದ್ದರೆ ಅದೊಂದನ್ನೇ ಹೊಸದಾಗಿ ಮಾಡಿಸಬಹುದು. ಒಂದರ ಸಲುವಾಗಿ ಹತ್ತನ್ನು ಕೀಳಬೇಕಿಲ್ಲ.

ನಮ್ಮದು ಕಡಪ ಕಲ್ಲಿನ ಕಟ್ಟೆ. ಪೆಟ್ಟಿಗೆಯೇ ಇಲ್ಲ. ಬಾಗಿಲು ಹಾಕಲು ಬರುತ್ತದೆಯೇ?

ಖಂಡಿತ ಬರುತ್ತದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಗ್ರಾನೈಟ್ ಕಟ್ಟೆಯ ಕೆಳಗೆ ಕಡಪ ಕಲ್ಲನ್ನು ನಿಲ್ಲಿಸಿ ಖಾನೆ ಮಾಡಿರುವುದೇ ಹೆಚ್ಚು. ಅದು ದೊಡ್ಡ ಅನುಕೂಲ: ಕಲ್ಲಿಗೆ ನೀರಿನ ಭಯವಿಲ್ಲ, ಗೆದ್ದಲಿನ ಭಯವಿಲ್ಲ. ತೊಡಕು ಒಂದೇ, ಕಲ್ಲಿನ ಖಾನೆ ಎಂದೂ ನೆಟ್ಟಗೆ ಇರುವುದಿಲ್ಲ. ಮೇಲೆ 18 ಇಂಚು ಇದ್ದರೆ ಕೆಳಗೆ ಹದಿನೇಳು ಮುಕ್ಕಾಲು ಇರುತ್ತದೆ.

ಹಾಗಾಗಿ ಕಲ್ಲಿಗೆ ನೇರವಾಗಿ ಬಾಗಿಲು ಕೂರಿಸಬಾರದು. ಮೊದಲು ಒಂದು ಚೌಕಟ್ಟು ಬೇಕು. ತೇಗ ಅಥವಾ ಹೊನ್ನೆಯ ರೀಪು ಆಗಬಹುದು, ಚೌಕ ಅಲ್ಯೂಮಿನಿಯಂ ಕೊಳವೆಯೂ ಆಗಬಹುದು. ಚೌಕಟ್ಟನ್ನು ಖಾನೆಗಿಂತ ತುಸು ಚಿಕ್ಕದಾಗಿ, ಮೂಲೆಮಟ್ಟ ಹಿಡಿದು ನಾಲ್ಕೂ ಮೂಲೆ ಸರಿಯಾಗಿ ಮಾಡಿಕೊಳ್ಳಬೇಕು. ಖಾನೆಯೊಳಗಿಟ್ಟು, ರಸಮಟ್ಟ ನೋಡಿ, ಸಂದಿಗಳಿಗೆ ಸಣ್ಣ ಮರದ ಚಕ್ಕೆ ಬೆಣೆ ಹೊಡೆದು ನಿಲ್ಲಿಸಬೇಕು. ಕಲ್ಲು ಸೊಟ್ಟಗಿದ್ದರೂ ಚೌಕಟ್ಟು ನೆಟ್ಟಗಿರುತ್ತದೆ. ನಡುವೆ ಉಳಿದ ಸಂದಿಯನ್ನು ಸಿಲಿಕೋನ್ ಮುಚ್ಚುತ್ತದೆ. ಜಿರಳೆಗೂ ಅಲ್ಲಿ ದಾರಿ ಇರುವುದಿಲ್ಲ.

ಕಲ್ಲಿಗೆ ರಂಧ್ರ ಕೊರೆಯುವಾಗ ಡ್ರಿಲ್‌ನ ಹ್ಯಾಮರ್ ಆರಿಸಿಡಿ. ಕಡಪ ಕಲ್ಲು ಪದರ ಪದರವಾಗಿ ಏಳುವ ಕಲ್ಲು. ಅಂಚಿನಲ್ಲಿ ಬಡಿತ ಬಿದ್ದರೆ ಅಂಗೈ ಅಗಲದ ಚಕ್ಕೆ ಹಾರಿಬಿಡುತ್ತದೆ. ಅಂಚಿನಿಂದ ಒಂದೂವರೆ ಇಂಚಾದರೂ ಒಳಗೆ, ನಿಧಾನವಾಗಿ, ನೀರು ಚಿಮುಕಿಸುತ್ತಾ ಕೊರೆಯಬೇಕು. ಡ್ರಿಲ್ ವಿದ್ಯುತ್ತಿನದು, ನೀರು ಅದರ ಮೈಗೆ ತಾಗದಂತೆ ಎಚ್ಚರವಿರಲಿ.

ಬಾಗಿಲಿಗೆ ಯಾವ ಹಲಗೆ ಒಳ್ಳೆಯದು?

ಅಡುಗೆಮನೆಗೆ ನನ್ನ ಮೊದಲ ಆಯ್ಕೆ ಇಂದಿಗೂ ಪ್ಲೈವುಡ್. ಆದರೆ ಯಾವ ಪ್ಲೈ ಎಂಬುದು ಮುಖ್ಯ. ಎಂಆರ್ ಎಂಬ ದರ್ಜೆ ತೇವವನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಮಂಚ ಬೀರುಗಳಿಗೆ ಸರಿ. ಬಿಡಬ್ಲ್ಯುಆರ್ ದರ್ಜೆ ಅದಕ್ಕಿಂತ ಮೇಲು. ಇವೆರಡೂ ಐಎಸ್ 303 ಮಾನಕಕ್ಕೆ ಸೇರಿದವು. ಅಂಗಡಿಯವರು ಮರೀನ್ ಎಂದೋ ‘710’ ಎಂದೋ ಕರೆಯುವುದು ಐಎಸ್ 710ರ ಬಿಡಬ್ಲ್ಯುಪಿ ದರ್ಜೆಯನ್ನು. ಅದರ ಅಂಟು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಬಿಡಬಾರದೆಂಬುದು ನಿಯಮ. ಸಿಂಕ್ ಕೆಳಗೆ, ಪಾತ್ರೆ ತೊಳೆಯುವ ಕಡೆ ಇದನ್ನೇ ಹಾಕಿಸಿ. ಮೇಲಿನ ಕಪಾಟುಗಳಿಗೆ ಬಿಡಬ್ಲ್ಯುಆರ್ ಸಾಕು.

ಹಲಗೆಯ ಮೇಲಿನ ಮುದ್ರೆಯನ್ನು ನೀವೇ ಕಣ್ಣಾರೆ ಓದಿ, ಐಎಸ್‌ಐ ಗುರುತು ಮತ್ತು ಮಾನಕದ ಸಂಖ್ಯೆ ಎರಡೂ ಇರಬೇಕು. ಅನುಮಾನವಿದ್ದರೆ ಎರಡು ಇಂಚಿನ ಒಂದು ತುಂಡು ಕೇಳಿ ಪಡೆದು, ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ನಾಲ್ಕೈದು ಗಂಟೆ ಕುದಿಸಿ. ಕಳಪೆ ತುಂಡಾದರೆ ಪದರಗಳು ಹಳೆಯ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಳ್ಳುತ್ತವೆ. ಒಳ್ಳೆಯದು ಬಣ್ಣ ಬಿಡಬಹುದು, ಪದರ ಬಿಡುವುದಿಲ್ಲ. ಪ್ರಯೋಗಾಲಯದ ಪರೀಕ್ಷೆಗೆ ಇದು ಸಮವಲ್ಲ, ಆದರೆ ತೀರಾ ಕೆಟ್ಟ ಮಾಲನ್ನು ಹಿಡಿಯಲು ಸಾಕು.

ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಎಂಡಿಎಫ್ ಹಲಗೆ ನುಣುಪಾಗಿರುತ್ತದೆ, ಬಣ್ಣ ಚೆನ್ನಾಗಿ ಕೂರುತ್ತದೆ. ಅಂಚಿನಿಂದ ನೀರು ಒಳಗೆ ಹೋದರೆ ಮಾತ್ರ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಅದೇ ಜಾತಿಯ ಎಚ್‌ಡಿಎಚ್‌ಎಂಆರ್ ಹಲಗೆ ಅದಕ್ಕಿಂತ ಗಟ್ಟಿ, ತೇವವನ್ನೂ ಹೆಚ್ಚು ತಾಳುತ್ತದೆ, ಆದರೆ ತೂಕ ಜಾಸ್ತಿ. ಎತ್ತರದ ಬಾಗಿಲಿಗೆ ಒಂದು ಹಿಂಜ್ ಹೆಚ್ಚಿಗೆ ಬೇಕಾಗುತ್ತದೆ. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಬೇಡ. ಹಿಂಜ್‌ನ ಸ್ಕ್ರೂ ಒಮ್ಮೆ ಸಡಿಲವಾದರೆ ಮತ್ತೆ ಹಿಡಿಯುವುದಿಲ್ಲ. ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯುಪಿಸಿ ಹಲಗೆ ನೀರಿಗೆ ಜಗ್ಗುವುದಿಲ್ಲ, ಸಿಂಕ್ ಕೆಳಗೆ ಒಳ್ಳೆಯದು, ಒಲೆಯ ಪಕ್ಕಕ್ಕೆ ಮಾತ್ರ ಸಲ್ಲದು, ಶಾಖಕ್ಕೆ ಬಾಗುತ್ತದೆ. ಕಡಿಮೆ ಖರ್ಚಿನಲ್ಲಿ ಬಹುಕಾಲ ಬಾಳಬೇಕೆಂದರೆ ಅಲ್ಯೂಮಿನಿಯಂ ಚೌಕಟ್ಟಿನ ಬಾಗಿಲೂ ಕೆಟ್ಟದ್ದೇನಲ್ಲ. ನೋಡಲು ಸಾಧಾರಣ ಎಂದು ಹಲವರು ಮೂಗು ಮುರಿಯುತ್ತಾರೆ, ಕಡಪ ಕಲ್ಲಿನ ಕಟ್ಟೆಗೆ ಅದು ಚೆನ್ನಾಗಿಯೇ ಒಪ್ಪುತ್ತದೆ.

ತೋಟದಲ್ಲಿ ಕಡಿದ ಹಲಸಿನ ಮರವಿದೆ. ಅದರಲ್ಲೇ ಬಾಗಿಲು ಮಾಡಿಸಬಹುದೇ?

ಈ ಪ್ರಶ್ನೆ ಬಂದಾಗ ನನಗೆ ಖುಷಿಯಾಗುತ್ತದೆ. ಹಲಸಿನ ಹಳದಿ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುವುದನ್ನು ನೋಡುವುದೇ ಒಂದು ಸೊಗಸು. ಆದರೆ ಮರ ಪೂರ್ತಿ ಒಣಗಿರಬೇಕು. ಕೊಯ್ದ ಹಲಗೆಗಳ ನಡುವೆ ರೀಪು ಕೊಟ್ಟು ಅಟ್ಟಿ, ನೆರಳಿನಲ್ಲಿ ಗಾಳಿಯಾಡುವಂತೆ ಕನಿಷ್ಠ ಒಂದು ಬೇಸಿಗೆ ಬಿಡಿ, ದಪ್ಪ ಹಲಗೆಯಾದರೆ ಎರಡು.

ಅಗಲದ ಒಂದೇ ಹಲಗೆಯನ್ನು ಬಾಗಿಲು ಮಾಡಬೇಡಿ. ಮರ ಉದ್ದಕ್ಕೆ ಹಿಗ್ಗುವುದಿಲ್ಲ ಎಂದೇ ಹೇಳಬಹುದು, ಅಗಲಕ್ಕೆ ಹಿಗ್ಗುತ್ತದೆ. ಹದಿನೈದು ಇಂಚಿನ ಹಲಗೆ ಏಪ್ರಿಲ್‌ಗೂ ಜುಲೈಗೂ ಒಂದು ನೂಲು ವ್ಯತ್ಯಾಸ ತೋರಿಸುವುದು ಮಲೆನಾಡಿನಲ್ಲಿ ಮಾಮೂಲು. ಇಂಚಿನ ಎಂಟನೇ ಒಂದು ಭಾಗವೇ ನೂಲು. ಸುಮಾರು 3 ಮಿ.ಮೀ. ಬಾಗಿಲು ಸಿಕ್ಕಿಹಾಕಿಕೊಳ್ಳಲು ಅಷ್ಟೇ ಸಾಕು. ಸುತ್ತ ಚೌಕಟ್ಟು ಕಟ್ಟಿ, ಅದರ ಒಳ ಅಂಚಿನಲ್ಲಿ ತೋಡಿದ ಗಾಡಿಯೊಳಗೆ ತೆಳು ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸಿ. ನಮ್ಮ ಹಿರಿಯರು ದೇವರಮನೆಯ ಬಾಗಿಲನ್ನು ಮಾಡುತ್ತಿದ್ದುದು ಹೀಗೆಯೇ. ಹಲಗೆ ಒಳಗೊಳಗೇ ಹಿಗ್ಗಿ ಕುಗ್ಗುತ್ತದೆ, ಹೊರ ಅಳತೆ ಹೆಚ್ಚು ಬದಲಾಗುವುದಿಲ್ಲ.

ಅಳತೆ ತೆಗೆಯುವುದು ಹೇಗೆ? ಹಳೆಯ ಬಾಗಿಲನ್ನೇ ಅಳೆದರೆ ಆಗದೇ?

ಆಗದು. ಬೇರೆ ಯಾವುದು ಮರೆತರೂ ಇದನ್ನು ಮರೆಯಬೇಡಿ. ಹಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಹತ್ತಿರದ ಒಂದು ಮನೆಗೆ ನಾನು ಹಳೆಯ ಬಾಗಿಲುಗಳ ಅಳತೆಯಲ್ಲೇ ಹನ್ನೊಂದು ಬಾಗಿಲು ಕತ್ತರಿಸಿ ಒಯ್ದಿದ್ದೆ. ನಾಲ್ಕು ಕೂರಲಿಲ್ಲ. ಹಳೆಯದನ್ನು ಬೆಳಕಿಗೆ ಹಿಡಿದು ನೋಡಿದಾಗ ತಿಳಿಯಿತು: ಮಳೆಗಾಲದಲ್ಲಿ ಉಬ್ಬಿದಾಗಲೆಲ್ಲ ಯಾರೋ ಕೀಸುಳಿ ಹೊಡೆದು ಹೊಡೆದು ಕೆಳಗಿನ ಮೂಲೆ ಅರ್ಧ ಇಂಚು ಸವೆದಿತ್ತು. ನಾನು ಅಳೆದದ್ದು ಆ ಸವೆತವನ್ನು. ನಾಲ್ಕನ್ನೂ ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ. ಅಂದಿನಿಂದ ಖಾನೆಯನ್ನು ಮಾತ್ರ ಅಳೆಯುತ್ತೇನೆ.

ಉಕ್ಕಿನ ಟೇಪು ತೆಗೆದುಕೊಳ್ಳಿ, ಮಿಲಿಮೀಟರಿನಲ್ಲೇ ಬರೆದುಕೊಳ್ಳಿ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ. ಎತ್ತರವನ್ನು ಎಡ, ನಡು, ಬಲ ಮೂರು ಕಡೆ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ. ಕರ್ಣಗಳೆರಡೂ ಒಂದೇ ಬಂದರೆ ಖಾನೆ ಚೌಕವಾಗಿದೆ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಚೌಕಟ್ಟಿನೊಳಗೆ ಕೂರುವ ಬಾಗಿಲಿನಲ್ಲಿ ಅದು ಎದ್ದು ಕಾಣುತ್ತದೆ. ಚೌಕಟ್ಟಿನ ಮೇಲೆ ಬಂದು ಕೂರುವ ಬಾಗಿಲಾದರೆ ಮುಚ್ಚಿಹೋಗುತ್ತದೆ.

ಒಳಗೆ ಕೂರುವ ಬಾಗಿಲಿಗೆ ಮೂರರಲ್ಲಿ ಅತಿ ಚಿಕ್ಕ ಅಳತೆಯನ್ನು ಹಿಡಿದು, ಪ್ರತಿ ಬದಿಗೆ 2 ಮಿ.ಮೀ. ಸಂದಿ ಬಿಡಿ. ಖಾನೆ 800 ಮಿ.ಮೀ. ಅಗಲವಿದ್ದು ಜೋಡಿ ಬಾಗಿಲಾದರೆ, ಎರಡು ಬದಿ ಮತ್ತು ನಡುವೆ ಸೇರಿ 6 ಕಳೆದು ಉಳಿದ 794ರಲ್ಲಿ ಅರ್ಧ, ಅಂದರೆ ತಲಾ 397. ಆಗುಂಬೆ, ಹೊಸನಗರ, ಸಾಗರದ ಕಡೆಯ ಮಳೆಯ ಊರುಗಳಲ್ಲಿ ಪ್ರತಿ ಸಂದಿಗೂ 3 ಬಿಡುವುದು ಲೇಸು. ಪೆಟ್ಟಿಗೆಯನ್ನು ಪೂರ್ತಿ ಮುಚ್ಚುವ ಬಾಗಿಲಿಗೆ ಪೆಟ್ಟಿಗೆಯ ಹೊರ ಅಳತೆ ಹಿಡಿಯಬೇಕು: 600 ಮಿ.ಮೀ. ಪೆಟ್ಟಿಗೆಗೆ ಎರಡು ತುದಿಯಲ್ಲಿ ಒಂದೂವರೆ, ನಡುವೆ 3 ಬಿಟ್ಟರೆ ತಲಾ 297.

ಪ್ರತಿ ಖಾನೆಗೂ ಒಂದು ಸಂಖ್ಯೆ ಕೊಟ್ಟು ಖಾನೆಯೊಳಗೆ ಪೆನ್ಸಿಲಿನಲ್ಲಿ ಬರೆಯಿರಿ, ಅದೇ ಸಂಖ್ಯೆಯನ್ನು ಬಾಗಿಲಿನ ಹಿಂದೆಯೂ ಬರೆಯಿರಿ. ಹಿಂಜ್ ಎಡಕ್ಕೋ ಬಲಕ್ಕೋ ಎಂಬುದನ್ನೂ ಅಲ್ಲೇ ಗುರುತಿಸಿ.

ಕತ್ತರಿಸುವ ಅಳತೆಯೂ ಇದೇ ತಾನೇ?

ಅಲ್ಲ. ಮೇಲಿನದು ಸಿದ್ಧ ಬಾಗಿಲಿನ ಅಳತೆ. ಅಂಚಿಗೆ ಹಾಕುವ ಪಿವಿಸಿ ಪಟ್ಟಿಯ ದಪ್ಪವನ್ನು ಇದರಿಂದ ಕಳೆಯಬೇಕು. 2 ಮಿ.ಮೀ. ಪಟ್ಟಿಯಾದರೆ ಅಗಲದಲ್ಲಿ 4, ಎತ್ತರದಲ್ಲಿ 4 ಕಡಿಮೆ ಕತ್ತರಿಸಬೇಕು. 0.8 ಮಿ.ಮೀ. ಪಟ್ಟಿಗೆ 2 ಕಳೆದರೆ ನಡೆಯುತ್ತದೆ. ಕತ್ತರಿಸುವವರಿಗೆ ಬರೆದುಕೊಡುವ ಚೀಟಿಯಲ್ಲಿ ‘ಸಿದ್ಧ ಅಳತೆ’ ಎಂದೋ ‘ಕತ್ತರಿಸುವ ಅಳತೆ’ ಎಂದೋ ದೊಡ್ಡದಾಗಿ ಬರೆಯಿರಿ. ಈ ಒಂದು ಪದ ಇಲ್ಲದೆ ಹಲಗೆ ಹಾಳಾದ ಮನೆಗಳು ಎಷ್ಟೋ.

ಮೈಕಾವನ್ನು ಹಿಂದೆಯೂ ಹಾಕಿಸಬೇಕೇ? ಹಿಂಬದಿ ಯಾರಿಗೂ ಕಾಣುವುದಿಲ್ಲವಲ್ಲ.

ಹಾಕಿಸಲೇಬೇಕು. ಒಂದೇ ಕಡೆ ಮೈಕಾ ಇದ್ದರೆ ಇನ್ನೊಂದು ಕಡೆಯಿಂದ ಹಲಗೆ ತೇವ ಎಳೆದುಕೊಂಡು ಬಿಲ್ಲಿನಂತೆ ಬಾಗುತ್ತದೆ. ಮುಂದೆ 1 ಮಿ.ಮೀ., ಹಿಂದೆ ತೆಳ್ಳಗಿನ ಬಿಳಿಯದು ಸಾಕು. ಬಿಳಿ ಹಿಂಬದಿಗೆ ಇನ್ನೊಂದು ಗುಣವಿದೆ: ಕಪಾಟಿನೊಳಗೆ ಬೆಳಕು ಹೆಚ್ಚುತ್ತದೆ, ಜಿಡ್ಡು ಕಂಡ ಕೂಡಲೇ ಒರೆಸಬಹುದು. ನಾಲ್ಕೂ ಅಂಚಿಗೆ ಪಟ್ಟಿ ಬೇಕು, ಅದರಲ್ಲೂ ಕೆಳಗಿನ ಅಂಚಿಗೆ. ನೆಲ ಒರೆಸಿದ ನೀರು ಹತ್ತುವುದು ಅಲ್ಲಿಂದಲೇ, ಬಗ್ಗಿ ನೋಡುವವರಿಲ್ಲ ಎಂದು ಕೆಲವರು ಬಿಟ್ಟುಬಿಡುವುದೂ ಅದನ್ನೇ.

ಎಷ್ಟು ಹಲಗೆ ತರಬೇಕು?

ಹಲಗೆ 8 ಅಡಿಗೆ 4 ಅಡಿ, ಅಂದರೆ 32 ಚದರ ಅಡಿ. ಚದರ ಅಡಿ ಲೆಕ್ಕ ಮಾತ್ರ ನಂಬಬೇಡಿ. 28 ಇಂಚು ಎತ್ತರ, 15 ಇಂಚು ಅಗಲದ ಬಾಗಿಲು ಮೂರು ಚದರ ಅಡಿಗೂ ಕಡಿಮೆ, ಹತ್ತು ಬರಬೇಕು ಎನಿಸುತ್ತದೆ. ಆದರೆ ಎತ್ತರದಲ್ಲಿ ಮೂರು, ಅಗಲದಲ್ಲಿ ಮೂರು, ಒಟ್ಟು ಒಂಬತ್ತೇ ಬರುವುದು. ಮರದ ಗೆರೆಯ ಮೈಕಾ ಆರಿಸಿದ್ದರೆ ಅಡ್ಡ ತಿರುಗಿಸುವಂತೆಯೂ ಇಲ್ಲ. ಮೊದಲು ಕಾಗದದ ಮೇಲೆ ಚೌಕ ಎಳೆದು ಜೋಡಿಸಿ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಅಂಗಡಿಯಲ್ಲಿ ಸೊನ್ನೆ, ಎಂಟು, ಹದಿನಾರು ಎಂದು ಕೇಳುತ್ತಾರೆ. ಏನದು?

ಅದು ಹಿಂಜ್‌ನ ತೋಳಿನ ಬಾಗು. ಹಳೆಯ ಬಿಜಾಗರಿಯ ಬದಲು ಈಗ ಎಲ್ಲರೂ ಹಾಕುವುದು ಬಾಗಿಲಿನ ಹಿಂದೆ ಕೊರೆದ ದುಂಡು ರಂಧ್ರದಲ್ಲಿ ಕೂರುವ ಬಟ್ಟಲಿನ ಹಿಂಜ್, ಅಂಗಡಿಯ ಮಾತಿನಲ್ಲಿ ಆಟೊ ಹಿಂಜ್. ಬಾಗಿಲು ಪೆಟ್ಟಿಗೆಯ ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವುದಾದರೆ ಸೊನ್ನೆ. ನಡುವಿನ ಒಂದೇ ಹಲಗೆಯನ್ನು ಎಡಬಲದ ಎರಡು ಬಾಗಿಲು ಹಂಚಿಕೊಳ್ಳುವುದಾದರೆ ಎಂಟು. ಬಾಗಿಲು ಚೌಕಟ್ಟಿನೊಳಗೆ ಕೂರುವುದಾದರೆ ಹದಿನಾರು. ಹಳೆಯ ಹಿಂಜ್ ಒಂದನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಹೋದರೆ ತಪ್ಪಾಗುವುದಿಲ್ಲ.

ಸುಮಾರು 900 ಮಿ.ಮೀ. ಎತ್ತರದವರೆಗೆ ಎರಡು ಹಿಂಜ್, ಅದಕ್ಕಿಂತ ಹೆಚ್ಚಿದ್ದರೆ ಮೂರು, ಆಳೆತ್ತರದ ಕಪಾಟಿಗೆ ನಾಲ್ಕು. ಕರಾವಳಿಯವರು ಕಬ್ಬಿಣದ್ದು ಕೊಳ್ಳಲೇಬೇಡಿ. ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. 304 ದರ್ಜೆಯ ಸ್ಟೀಲ್ ಎಂದು ಕೇಳಿ ಪಡೆಯಿರಿ.

ಬಟ್ಟಲಿನ ರಂಧ್ರ ನಾನೇ ಕೊರೆಯಬಹುದೇ?

ಕೈ ನಡುಗದಿದ್ದರೆ ಕೊರೆಯಬಹುದು. 35 ಮಿ.ಮೀ. ಬಿಟ್ ಬೇಕು. ರಂಧ್ರದ ನಡು ಬಾಗಿಲಿನ ಅಂಚಿನಿಂದ ಸುಮಾರು 22 ಮಿ.ಮೀ. ಒಳಗೆ, ಮೇಲಿನ ಮತ್ತು ಕೆಳಗಿನ ತುದಿಯಿಂದ 80ರಿಂದ 100 ಮಿ.ಮೀ. ದೂರ. ಆಳ 12 ಮಿ.ಮೀ. 18 ಮಿ.ಮೀ. ದಪ್ಪದ ಹಲಗೆಯಲ್ಲಿ ಆಚೆ ಉಳಿಯುವುದು ಆರೇ ಮಿ.ಮೀ., ಆದ್ದರಿಂದ ಬಿಟ್‌ಗೆ ಬಣ್ಣದ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ. ಬಿಟ್‌ನ ನಡುವಿನ ಮೊನೆ ಉದ್ದವಿದ್ದರೆ ಮೈಕಾವನ್ನು ಹಿಂದಿನಿಂದ ಚುಚ್ಚಿ ಮುಂಭಾಗದಲ್ಲಿ ಮೊಡವೆಯಂತೆ ಎಬ್ಬಿಸುತ್ತದೆ. ಮೊದಲು ಚೂರು ಹಲಗೆಯಲ್ಲಿ ಪರೀಕ್ಷಿಸಿ. ಖಾನೆಯ ನಡುವಿನ ಅಡ್ಡ ಹಲಗೆ ಬರುವ ಜಾಗದಲ್ಲಿ ಹಿಂಜ್ ಬಾರದಂತೆ ನೋಡಿಕೊಳ್ಳುವುದನ್ನು ಮರೆಯಬೇಡಿ.

ಕೂರಿಸಿದ ಮೇಲೆ ಬಾಗಿಲು ಜೋತಂತೆ ಕಾಣುತ್ತದೆ. ಏನು ಮಾಡಲಿ?

ಬಿಚ್ಚಬೇಡಿ, ಕೀಸಲೂ ಬೇಡಿ. ಹಿಂಜ್‌ನಲ್ಲೇ ತಿದ್ದುಪಡಿಯಿದೆ. ತೋಳಿನ ಮುಂದಿನ ಸ್ಕ್ರೂ ಬಾಗಿಲನ್ನು ಎಡಬಲಕ್ಕೆ ಸರಿಸುತ್ತದೆ, ಹಿಂದಿನದು ಒಳಹೊರಗೆ, ಪೆಟ್ಟಿಗೆಗೆ ಹಿಡಿದ ತಟ್ಟೆಯ ಸ್ಕ್ರೂಗಳು ಮೇಲೆ ಕೆಳಗೆ. ಹಿಡಿಕೆಯ ಕಡೆ ಕೆಳಗೆ ಇಳಿದಿದ್ದರೆ, ಮೇಲಿನ ಹಿಂಜ್‌ನಲ್ಲಿ ಬಾಗಿಲನ್ನು ಹಿಂಜ್ ಕಡೆಗೆ ಎಳೆಯಿರಿ, ಕೆಳಗಿನ ಹಿಂಜ್‌ನಲ್ಲಿ ಆಚೆ ತಳ್ಳಿ. ಒಮ್ಮೆಗೆ ಕಾಲು ಸುತ್ತು ಮಾತ್ರ. ಒಂದು ಕಾಲು ಸುತ್ತು, ಮುಚ್ಚಿ ನೋಡುವುದು, ಮತ್ತೆ ಕಾಲು ಸುತ್ತು. ಜೋಡಿ ಬಾಗಿಲಿನ ನಡುವಿನ ಗೆರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಾಗುವ ಆ ಗಳಿಗೆ ನನಗೆ ಇವತ್ತಿಗೂ ಹಬ್ಬದಂತೆಯೇ.

ಹಳೆಯ ಸ್ಕ್ರೂ ರಂಧ್ರಗಳು ದೊಡ್ಡದಾಗಿವೆ, ಹಿಡಿಯುತ್ತಿಲ್ಲ.

ಬಿದಿರಿನ ಕಡ್ಡಿಗೆ ಫೆವಿಕಾಲ್ ಸವರಿ ರಂಧ್ರದೊಳಗೆ ಬಿಗಿಯಾಗಿ ಬಡಿದು, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹೊರಗುಳಿದ ತುದಿ ಕತ್ತರಿಸಿ ಹೊಸ ಸ್ಕ್ರೂ ಹಾಕಿ. ಉದ್ದದ ಸ್ಕ್ರೂ ಹುಡುಕಬೇಡಿ, ಆಚೆ ಬದಿಗೆ ತೂರಿಬರುತ್ತದೆ.

ಗ್ಯಾಸ್ ಸಿಲಿಂಡರ್ ಇಡುವ ಖಾನೆಗೂ ಇದೇ ಬಾಗಿಲು ಹಾಕಬಹುದೇ?

ಪೂರ್ತಿ ಮುಚ್ಚುವ ಬಾಗಿಲು ಖಂಡಿತ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ಖಾನೆಯಲ್ಲೇ ನಿಲ್ಲುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ವಾಸನೆಯೂ ತಡವಾಗಿ ತಿಳಿಯುತ್ತದೆ. ಆ ಖಾನೆಗೆ ಪಟ್ಟಿಪಟ್ಟಿಯ ಜಾಲರಿ ಬಾಗಿಲು ಹಾಕಿಸಿ, ಕೆಳಗೆ ನೆಲಮಟ್ಟದಲ್ಲಿ ಗಾಳಿ ಹೊರಹೋಗುವಷ್ಟು ತೆರವಿರಲಿ, ಬೀಗ ಬೇಡ, ರೆಗ್ಯುಲೇಟರ್‌ಗೆ ಕೈ ತಕ್ಷಣ ಸಿಗುವಂತಿರಲಿ. ಅಂದಕ್ಕೆ ಎಲ್ಲ ಬಾಗಿಲೂ ಒಂದೇ ಥರ ಇರಲಿ ಎಂದು ಹಟ ಹಿಡಿದವರ ಮನೆಯ ಕೆಲಸವನ್ನು ನಾನು ಒಪ್ಪಿಕೊಂಡಿಲ್ಲ.

ಹಿಡಿಕೆ ಯಾವುದು ಒಳ್ಳೆಯದು?

ಹಿಟ್ಟು ಹತ್ತಿದ ಕೈಯಲ್ಲೂ ಎರಡು ಬೆರಳಿನಿಂದ ಎಳೆಯಲು ಬರುವಂಥದ್ದು. ಮೊನಚು ತುದಿಯದು ಸೀರೆ ಸೆರಗಿಗೆ ಸಿಕ್ಕುತ್ತದೆ, ಬೇಡ.

ಕೂಲಿ ಮಾತಾಡುವಾಗ ಏನು ಕೇಳಬೇಕು?

ಚದರ ಅಡಿಗೆ ಇಷ್ಟು ಎಂದಾಗ ಅದರಲ್ಲಿ ಹಿಂಜ್, ಅಂಚುಪಟ್ಟಿ, ಹಿಂಬದಿಯ ಮೈಕಾ, ಹಿಡಿಕೆ, ಹಳೆಯ ಬಾಗಿಲು ಬಿಚ್ಚುವ ಕೆಲಸ ಸೇರಿದೆಯೇ ಎಂದು ಒಂದೊಂದನ್ನೂ ಹೆಸರಿಟ್ಟು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಒಳ್ಳೆಯ ಆಚಾರಿಗಳಿಗೆ ಇದರಿಂದ ಬೇಸರವಾಗುವುದಿಲ್ಲ, ಅವರಿಗೂ ಕೆಲಸದ ಕೊನೆಯಲ್ಲಿ ಜಗಳ ಬೇಡ.

ಕೆಲಸ ಮುಗಿದ ಮೇಲೆ ಏನಾದರೂ ಉಳಿಸಿಟ್ಟುಕೊಳ್ಳಬೇಕೇ?

ಮೈಕಾದ ಒಂದು ಅಗಲದ ತುಂಡು, ಎರಡು ಮೀಟರ್ ಅಂಚುಪಟ್ಟಿ, ಎರಡು ಹಿಂಜ್, ಒಂದು ಹಿಡಿಕೆ. ಮೈಕಾದ ಬಣ್ಣಗಳು ಒಂದೆರಡು ವರ್ಷದಲ್ಲಿ ಅಂಗಡಿಯಿಂದ ಮಾಯವಾಗುತ್ತವೆ. ಆಮೇಲೆ ಒಂದು ಬಾಗಿಲು ಹೋದರೆ ಜೋಡಿ ಸಿಗುವುದಿಲ್ಲ. ಮೈಕಾ ಹಿಂಬದಿಯಲ್ಲಿ ಮುದ್ರಿಸಿರುವ ಸಂಖ್ಯೆಯನ್ನು ಮತ್ತು ಬಾಗಿಲುಗಳ ಅಳತೆಯ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮೊದಲ ಮಳೆಗಾಲ ಕಳೆದ ಮೇಲೆ ಎಲ್ಲ ಹಿಂಜ್‌ಗಳನ್ನೂ ಒಮ್ಮೆ ಬಿಗಿಮಾಡಿ, ಸಿಂಕ್ ಕೆಳಗಿನ ಬಾಗಿಲಿನ ಕೆಳ ಅಂಚನ್ನು ಬೆರಳಿನಿಂದ ಸವರಿ ನೋಡಿ. ಪಟ್ಟಿ ಎಲ್ಲಿಯಾದರೂ ಎದ್ದಿದ್ದರೆ ಅಂದೇ ಅಂಟಿಸಿ.